ಉಣುಗೋಲಿಗೆ ಆ ಗಂಟೆ ಕಟ್ಟಿ

ಮ್ಯೂನಿಕ್, ಭಾನುವಾರ

ಪ್ರೀತಿಯ ಅಮ್ಮ,

ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೇನೆ, ಅಪ್ಪಯ್ಯನಿಗೂ ಓದಿ ಹೇಳು. ನಿನ್ನೆ ನೀನು ಫೋನಿನಲ್ಲಿ ಹೇಳಿದಾಗಿನಿಂದ ಸಮಾಧಾನವಿಲ್ಲ. ಅಡಿಕೆ ಸುಲಿಯೋಕೆ ಬಂದ ಅಕ್ಕನ ಹಿಮ್ಮಡಿಗೆ ನಮ್ಮ ನಾಯಿ ಕಾಳ ಬಾಯಿ ಹಾಕಿದ, ರಕ್ತ ಬಂದಿಲ್ಲ, ಬರೀ ಹಲ್ಲಿನ ಗೀರು ಅಂದೆ. ಗೀರಾದರೂ ಅವರು ನಮ್ಮ ಅಂಗಳಕ್ಕೆ ಕೆಲಸಕ್ಕೆ ಬಂದವರು ಅಲ್ವಾ?

ಮೊದಲು ಅವರ ವಿಷಯ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಸಿದ್ದು ಒಳ್ಳೆಯದಾಯಿತು. ಸುಣ್ಣ, ಅರಿಶಿನ ಏನೂ ಹಚ್ಚಬೇಡಿ. ಆಸ್ಪತ್ರೆಯ ಚೀಟಿಯಲ್ಲಿ 0, 3, 7, 28ನೇ ದಿನ ಅಂತ ಬರೆದಿದ್ದಾರಲ್ಲ, ಅಷ್ಟೂ ಇಂಜೆಕ್ಷನ್ ಆಗಲೇಬೇಕು. ಕಾಳನಿಗೆ ಲಸಿಕೆ ಆಗಿದೆ ಅಂತ ನಡುವೆ ಬಿಡಬೇಡಿ. ರೇಬಿಸ್ ಲಕ್ಷಣ ಒಮ್ಮೆ ಶುರುವಾದರೆ ಔಷಧಿ ಇಲ್ಲ. ಬಸ್ಸಿನ ಖರ್ಚು, ಆ ದಿನಗಳ ಕೂಲಿ ನಾವೇ ಕೊಡಬೇಕು, ಅವರು ಬೇಡ ಅಂದರೂ. ಕಾಳನನ್ನು 10 ದಿನ ಮನೆಯಲ್ಲೇ ಇಟ್ಟು ನೋಡಿ. ಊಟ ಬಿಟ್ಟರೆ, ಜೊಲ್ಲು ಸುರಿಸಿದರೆ ಕೂಡಲೇ ದನದ ಡಾಕ್ಟರಿಗೆ ಹೇಳಿ.

ಅಪ್ಪಯ್ಯ ಕೋಲು ತಗೊಂಡು ಕಾಳನಿಗೆ ಎರಡು ಬಿಟ್ಟರು ಅಂದೆ. ಅವರಿಗೂ ಬೇಜಾರಾಗಿರುತ್ತದೆ. ಆದರೆ ಅವನದು ಸೊಕ್ಕಲ್ಲ ಅಮ್ಮ, ಹೆದರಿಕೆ. ನೆನಪು ಮಾಡಿಕೋ, ಹೋದ ವರ್ಷ ಜೂನ್ ಕೊನೆಗೆ ಒಂದೂವರೆ ತಿಂಗಳ ಮರಿಯನ್ನು ತಂದೆವು, ಅಲ್ಲಿಂದ ಹಿಡಿದ ಮಳೆ, ಹಳ್ಳ ತುಂಬಿ ಗಣಪತಿ ಹಬ್ಬದವರೆಗೆ ನಮ್ಮನೆ ಕಡೆ ಯಾರೂ ತಲೆ ಹಾಕಲಿಲ್ಲ. ನಾಯಿಮರಿ ಮನುಷ್ಯರನ್ನು ನಂಬಲು ಕಲಿಯುವುದು ಹುಟ್ಟಿದ ಸುಮಾರು 3ರಿಂದ 14 ವಾರದ ಒಳಗೆ. ಆಗ ಅವನು ಕಂಡಿದ್ದು ಮನೆಯವರನ್ನು, ಕೊಟ್ಟಿಗೆಯ ದನಗಳನ್ನು, ಅಷ್ಟೇ. ಈಗ ಕೊಯ್ಲು ಅಂತ ದಿನಾ ಹತ್ತು ಜನ ಬಂದರೆ ಅವನೇನು ಮಾಡಿಯಾನು?

ಹೋದ ವಾರ ವಿಡಿಯೋ ಕಾಲ್‌ನಲ್ಲಿ ನಾನೇ ನೋಡಿದೆ. ಕೆಳಮನೆ ಅತ್ತೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಇವನು ಕಂಬದ ಹಿಂದೆ ನಿಂತಿದ್ದ. ಬಾಲ ಕಾಲಸಂದಿಗೆ, ಕಣ್ಣಿನ ಬಿಳಿ ಕಾಣುತ್ತಿತ್ತು, ಮತ್ತೆ ಮತ್ತೆ ಮೂತಿ ನೆಕ್ಕಿಕೊಳ್ಳುತ್ತಿದ್ದ. ಅತ್ತೆ ಎದ್ದು ಬೆನ್ನು ತಿರುಗಿಸಿದ್ದೇ ತಡ, ಹಿಮ್ಮಡಿಗೆ ಹಾರಿದ. ಗುರ್ ಅಂದಿದ್ದಕ್ಕೆ ಹೊಡೆದರೆ ನಾಳೆ ಗುರ್ ಅನ್ನದೇನೇ ಕಚ್ಚುತ್ತಾನೆ.

ಇಲ್ಲಿ ನಮ್ಮ ಕೆಳಗಿನ ಮನೆ ಅಜ್ಜಿಯ ನಾಯಿಯೂ ಹೀಗೇ ಇತ್ತು. ಬೆಲ್ ಆದರೆ ಅಜ್ಜಿ ಮೊದಲು ಅದನ್ನು ಒಳಗಿನ ರೂಮಿಗೆ ಕರೆದುಕೊಂಡು ಹೋಗಿ ತಿನ್ನೋಕೆ ಕೊಟ್ಟು, ಬಾಗಿಲು ಹಾಕಿ, ಆಮೇಲೆ ನಮ್ಮನ್ನು ಕರೆಯುತ್ತಾರೆ. ನಾವು ಕೂತ ಮೇಲೆ ಬೆಲ್ಟ್ ಹಿಡಿದು ಹೊರಗೆ ತರುತ್ತಾರೆ. ಅದನ್ನು ಮುಟ್ಟುವಂತಿಲ್ಲ, ದಿಟ್ಟಿಸಿ ನೋಡುವಂತಿಲ್ಲ, ಸುಮ್ನೆ ಮಾತಾಡುತ್ತಾ ಕೂರಬೇಕು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅದೇ ಬಂದು ನನ್ನ ಕೈ ಮೂಸಿತು.

ಕೊಟ್ಟಿಗೆಯಲ್ಲಿ ಗೌರಿಯ ಹಳೇ ಗಂಟೆ ತೂಗುತ್ತಿದೆಯಲ್ಲ, ಅದನ್ನು ಅಂಗಳದ ಗೇಟಿನ ಉಣುಗೋಲಿಗೆ ಕಟ್ಟಿ. ಬಂದವರು ಗಂಟೆ ಆಡಿಸಿ ಅಲ್ಲೇ ನಿಲ್ಲಲಿ. ಗಂಟೆ ಕೇಳಿದಾಗಲೆಲ್ಲ ಕಾಳನಿಗೆ ಹಿತ್ತಲ ಕೋಣೆಯಲ್ಲಿ ದೋಸೆ ಚೂರು. ಮೊದಲ ಎರಡು ವಾರ ಯಾರೂ ಬರದಿದ್ದರೂ ಅಪ್ಪಯ್ಯ ಹೋಗಿ ಗಂಟೆ ಆಡಿಸಲಿ, ಆಗ ಗಂಟೆ ಅಂದರೆ ದೋಸೆ ಅಂತ ಅವನಿಗೆ ತಿಳಿಯುತ್ತದೆ. ಜನ ಓಡಾಡುವ ಜಗಲಿ ಪಕ್ಕ ದಿನವಿಡೀ ಸರಪಳಿ ಹಾಕಬೇಡಿ, ಅದರಿಂದ ಸಿಟ್ಟು ಜಾಸ್ತಿ ಆಗುತ್ತದೆ. ಬೆಳಿಗ್ಗೆ ಒಂದು ಸುತ್ತು ಹಗ್ಗ ಹಿಡಿದು ತೋಟಕ್ಕೆ ಕರೆದುಕೊಂಡು ಹೋದರೆ ಸಾಕು. ಎತ್ತಿನ ಬಾಯಿಗೆ ಹಾಕುವ ಕುಕ್ಕೆಯ ಥರದ್ದು ನಾಯಿಗೂ ಸಿಗುತ್ತದೆ, ಹಾಕಿಕೊಂಡೇ ನೀರು ಕುಡಿಯಬಹುದು. ಶಿವಮೊಗ್ಗದಿಂದ ತರೋಕೆ ತಮ್ಮನಿಗೆ ಹೇಳಿದ್ದೇನೆ.

ಆಗುಂಬೆ ಘಾಟಿ ಹತ್ತಿರ ಬಿಟ್ಟು ಬನ್ನಿ ಅಂತ ಯಾರೋ ಅಂದರಂತೆ. ಬೇಡ ಅಮ್ಮ, ದಮ್ಮಯ್ಯ. ಅವನು ನಮ್ಮನ್ನು ಬಿಟ್ಟರೆ ಯಾರನ್ನೂ ನಂಬದ ಜೀವ.

7ನೇ ದಿನದ ಇಂಜೆಕ್ಷನ್‌ಗೆ ಅಕ್ಕನನ್ನು ತಮ್ಮನೇ ಬೈಕಿನಲ್ಲಿ ಕರೆದುಕೊಂಡು ಹೋಗಲಿ. ಹೋಗಿ ಬಂದ ಮೇಲೆ ಅವರ ಹತ್ತಿರ ಫೋನ್ ಕೊಡು, ನಾನು ಮಾತಾಡಬೇಕು.

ನಿನ್ನ ಮಗಳು