ಮಗಳಿಗೊಂದು ಪತ್ರ: ನೂರೊಂದು ಸೊಪ್ಪಿನ ಪಟ್ಟಿ ಕೇಳಿದ್ದಕ್ಕೆ

ಪ್ರೀತಿಯ ಪುಟ್ಟಿ,

ಗದ್ದೆಗೆ ಬಯಕೆ ಊಟ ಹಾಕುವ ಭೂಮಿ ಹುಣ್ಣಿಮೆಗೆ ಬೇಯಿಸುವ ನೂರೊಂದು ಸೊಪ್ಪಿನ ಪಟ್ಟಿ ಕಳಿಸು, ಫೋಟೋನೂ ಹಾಕು ಅಂತ ವಾಟ್ಸಾಪಿನಲ್ಲಿ ಕೇಳಿದ್ದೀಯಲ್ಲ, ಅಂಥ ಪಟ್ಟಿ ನನ್ನ ಹತ್ತಿರ ಇಲ್ಲ. ನಿಮ್ಮಜ್ಜಿ ಹತ್ತಿರವೂ ಇರಲಿಲ್ಲ. ನೂರೊಂದು ಅನ್ನೋದು ಬಾಯಿಮಾತಿಗೆ ಹೇಳುವ ಲೆಕ್ಕ. ಬುಟ್ಟಿ ಸುರಿದು ಎಣಿಸಿದರೆ ಇಪ್ಪತ್ತೋ ಮೂವತ್ತೋ ಬಗೆ ಸಿಕ್ಕರೆ ಅದೇ ಜಾಸ್ತಿ. ಈಗ ಟಿವಿಯವರು ಹಬ್ಬದ ದಿನ ಬಂದು ನೂರೊಂದು ಬಗೆ ಅಂತ ಹೇಳಿ ಹೋಗುತ್ತಾರೆ. ಕೇಳಿ ಸುಮ್ನೆ ನಗುತ್ತೇನೆ. ಭೂಮಿತಾಯಿ ಯಾವತ್ತೂ ಎಣಿಸಿಲ್ಲ.

ಫೋನಿನಲ್ಲಿ ಇಷ್ಟೆಲ್ಲ ಒತ್ತುತ್ತಾ ಕೂರೋಕೆ ನನ್ನಿಂದ ಆಗೋದಿಲ್ಲ. ಅದಕ್ಕೇ ಕಾಗದ.

ಇಲ್ಲೀಗ ಹಸ್ತೆ ಮಳೆ. ಆಷಾಢದ ಹಾಗೆ ಹಿಡಿದು ಕೂರುವ ಮಳೆಯಲ್ಲ. ಮಧ್ಯಾಹ್ನದವರೆಗೆ ಚುರುಗುಟ್ಟುವ ಬಿಸಿಲು, ನಾಲ್ಕು ಗಂಟೆಗೆ ಗುಡುಗು, ಆಮೇಲೆ ಒಂದು ಹೊಡೆತ. ನಿಮ್ಮಪ್ಪ ಅಡಿಕೆಗೆ ಮತ್ತೊಂದು ಸಲ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಸಬೇಕೋ ಬೇಡವೋ ಅಂತ ದಿನಾ ಮೋಡ ನೋಡುತ್ತಾರೆ. ಹೊಡೆಸದೆ ಬಿಟ್ಟು ಮಳೆ ಜೋರಾದರೆ ಕೊಳೆರೋಗ ಬರುತ್ತದೆ. ಹೊಡೆಸಿದ ಮೇಲೆ ಮಳೆ ನಿಂತರೆ ಮೈಲುತುತ್ತದ ದುಡ್ಡು ದಂಡ. ಗದ್ದೆ ಮಾತ್ರ ಚೆನ್ನಾಗಿದೆ. ಹೊಡೆಯಾಗಿದೆ. ತೆನೆ ಇನ್ನೂ ಹೊರಗೆ ಬಂದಿಲ್ಲ, ಕಾಂಡದ ಹೊಟ್ಟೆ ಉಬ್ಬಿದೆ. ಹಬ್ಬ ಈ ಹೊತ್ತಿಗೇ ಬರೋದು ಅದಕ್ಕೆ. ಬಸುರಿಗೆ ಬಯಕೆ ಊಟ ಹಾಕೋದು ಹೊಟ್ಟೆ ಕಾಣಿಸಿದ ಮೇಲೆ ಅಲ್ವಾ?

ನೀನು ಕಳಿಸಿದ್ದ ಫೋಟೋಗಳನ್ನೂ ನೋಡಿದೆ. ಅದರಲ್ಲಿ ಚಗಟೆ ಸೊಪ್ಪು ಮೊದಲನೆಯದು. ಚಗಟೆ ಈಗ ಮುಗಿದ ಮಾತು. ಮುಂಗಾರು ಶುರುವಾದಾಗ ರಸ್ತೆ ಬದಿಯಲ್ಲಿ ಎಳೆಯದಾಗಿ ಏಳುತ್ತದೆ, ಆಗ ಪಲ್ಯಕ್ಕೆ ರುಚಿ. ಈಗ ಹಳದಿ ಹೂ ಬಿಟ್ಟು, ಉದ್ದುದ್ದ ಕಾಯಿ ನೇತಾಡುತ್ತಿದೆ. ಮರಕೆಸುವೂ ಹಾಗೆಯೇ. ಮರದ ಕವಲಿನಲ್ಲಿ ಪಾಚಿ ಒದ್ದೆಯಿರುವವರೆಗೆ ಅದರ ಕಾರುಬಾರು. ಈಗ ಎಲೆ ಹಳದಿಯಾಗಿ ಜೋತುಬಿದ್ದಿದೆ, ಪತ್ರೊಡೆಗೆ ಬರೋದಿಲ್ಲ. ಕಳಲೆಯೂ ಬಿದಿರಾಗಿ ಹೋಯಿತು. ಭರಣಿಯಲ್ಲಿ ಉಪ್ಪು ಹಾಕಿಟ್ಟಿದ್ದು ಸ್ವಲ್ಪ ಇದೆ, ನೀನು ಬಂದಾಗ ಪಲ್ಯ ಮಾಡೋಣ. ಅಲ್ಲಿ ಯಾರಾದರೂ ಹಸಿ ಕಳಲೆ ಕೊಟ್ಟರೆ ಅವತ್ತೇ ಹೆಚ್ಚಿ ಬಾಣಲೆಗೆ ಹಾಕಬೇಡ. ಮೂರು ದಿನ ನೀರಿನಲ್ಲಿ ನೆನೆಸಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಆಮೇಲೆ ಚೆನ್ನಾಗಿ ಬೇಯಿಸಬೇಕು. ಹಸಿ ಕಳಲೆಯಲ್ಲಿ ವಿಷ ಇರುತ್ತದೆ. ಅಜ್ಜಿಯಂದಿರು ಸುಮ್ನೆ ಮೂರು ದಿನ ಅಂದಿದ್ದಲ್ಲ.

ಈಗ ಇರೋದು ಕೆಸು, ಹೊನಗೊನ್ನೆ, ಒಂದೆಲಗ, ಗಣಿಕೆ, ಕನ್ನೆ ಸೊಪ್ಪು, ಹರಿವೆ, ಬಸಳೆ, ನುಗ್ಗೆ. ಜೊತೆಗೆ ನೇರಲೆ, ಪೇರಲೆ, ದಾಳಿಂಬೆ, ನೆಕ್ಕರಿಕದ ಕುಡಿ. ನೆಕ್ಕರಿಕ ಅಂದರೆ ಬೇಣದ ಹುಲ್ಲುಗಾವಲಿನಲ್ಲಿ ನೇರಳೆ ಬಣ್ಣದ ಹೂ ಬಿಡುತ್ತದಲ್ಲ, ನೀನು ಚಿಕ್ಕವಳಿದ್ದಾಗ ಅದರ ಹಣ್ಣು ತಿಂದು ನಾಲಿಗೆ ಕಪ್ಪು ಮಾಡಿಕೊಂಡು ಬರುತ್ತಿದ್ದೆ. ಅದೇ. ಇದರಲ್ಲಿ ಅರ್ಧದಷ್ಟು ಬೇಲಿಯಿಂದ ಹಿತ್ತಲಿಗೆ ಬರುವಷ್ಟರಲ್ಲೇ ಸಿಗುತ್ತದೆ. ಕಾಡಿಗೆ ಹೋಗಿ ತರಬೇಕು ಅಂತ ಪೇಟೆಯವರು ಅಂದುಕೊಳ್ಳುತ್ತಾರೆ. ಗದ್ದೆ ಬದು, ತೋಟದ ಅಗಳ, ಬಚ್ಚಲ ನೀರು ಹರಿಯುವ ಜಾಗ, ಸೊಪ್ಪು ಹೆಚ್ಚು ಇರೋದು ಇಲ್ಲೇ.

ನೀನು ನಿಜವಾಗಿ ಕೇಳಬೇಕಿದ್ದಿದ್ದು ಕೆಸುವಿನ ಕರಕಲಿ. ಧಾರವಾಡದ ಸಂತೆಯಲ್ಲಿ ಕೆಸುವಿನ ಎಲೆ ಸಿಕ್ಕಿತು, ಮಾಡಿದೆ, ಗಂಟಲು ತುರಿಸಿತು ಅಂದೆಯಲ್ಲ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ಅವು ಚುಚ್ಚಿದರೆ ತುರಿಕೆ. ಅದಕ್ಕೆ ಹುಳಿ ಮುಂದಾಗಿ ಹಾಕಬೇಕು, ಬೇಯಿಸೋದರಲ್ಲಿ ಜಿಪುಣತನ ಮಾಡಬಾರದು. ನೀನು ಬಹುಶಃ ಪಾಲಕ್ ಬೇಯಿಸಿದಷ್ಟು ಹೊತ್ತು ಬೇಯಿಸಿರುತ್ತೀಯ.

ಕಪ್ಪು ದಂಟಿನ ಎಳೆ ಎಲೆ ಹತ್ತು ಹನ್ನೆರಡು ತಗೋ. ಸುರುಳಿ ಬಿಚ್ಚದ ಎಲೆಯಾದರೆ ಇನ್ನೂ ಒಳ್ಳೆಯದು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ದಂಟಿನ ನಾರು ತೆಗೆ, ಸಣ್ಣಗೆ ಹೆಚ್ಚು. ದೊಡ್ಡ ನಿಂಬೆ ಗಾತ್ರದ ಹುಣಸೆಹಣ್ಣು ಕಿವುಚಿ ಆ ನೀರಿನಲ್ಲೇ ಬೇಯಲು ಇಡು. ನಮ್ಮಲ್ಲಿ ಅಮಟೆಕಾಯಿ ಇದ್ದರೆ ಜಜ್ಜಿ ಅದನ್ನೂ ಹಾಕುತ್ತೇವೆ. ಜೀರಿಗೆ ಮೆಣಸು, ಆ ಪುಟ್ಟ ಖಾರದ ಮೆಣಸಿನಕಾಯಿ, ನಿನಗೆ ಅಲ್ಲಿ ಸಿಗೋದಿಲ್ಲ, ಹಸಿಮೆಣಸು ಹಾಕು, ಖಾರ ಗಟ್ಟಿಯಾಗಿರಲಿ. ಎಲೆ ಕರಗಿ ಮುದ್ದೆಯಾಗುವವರೆಗೆ ಸಣ್ಣ ಉರಿ. ಸೌಟಿನಿಂದ ಮಸೆಯುತ್ತಾ ಇರು. ಎಲೆ ಯಾವುದು, ದಂಟು ಯಾವುದು ಗೊತ್ತಾಗಬಾರದು. ಆಮೇಲೆ ಉಪ್ಪು, ಒಂದು ಚೂರು ಬೆಲ್ಲ. ಒಗ್ಗರಣೆಗೆ ಕೊಬ್ಬರಿ ಎಣ್ಣೆ, ಒಂದು ಇಡೀ ಗಡ್ಡೆ ಬೆಳ್ಳುಳ್ಳಿ ಜಜ್ಜಿ ಕೆಂಪಗೆ ಹುರಿದು ಸುರಿ. ದಿನಾ ಕುದಿಸಿಟ್ಟರೆ ಮೂರು ದಿನ ಇರುತ್ತದೆ, ಮೂರನೇ ದಿನದ್ದೇ ರುಚಿ. ಬಿಸಿ ಅನ್ನಕ್ಕೆ ಕಲಸಿಕೋ. ಅನ್ನ ಕಮ್ಮಿ ಬೀಳುತ್ತದೆ, ಜಾಸ್ತಿ ಇಟ್ಟುಕೋ.

ಒಂದೆಲಗದ ತಂಬುಳಿ ನಿನಗೆ ಗೊತ್ತೇ ಇದೆ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳು ಮೆಣಸು, ಸೊಪ್ಪು ಬಾಡಿಸಿ ಕಾಯಿ ಹಾಕಿ ರುಬ್ಬಿ ಮಜ್ಜಿಗೆ ಬೆರೆಸಿದರೆ ಮುಗಿಯಿತು. ನೆಕ್ಕರಿಕ, ಪೇರಲೆ, ದಾಳಿಂಬೆ ಕುಡಿಗೂ ಇದೇ ದಾರಿ. ಕುದಿಸಬೇಡ ಅಷ್ಟೇ.

ಅಮಟೆಕಾಯಿ ಈ ಸಲ ಮರ ತುಂಬ ಇದೆ. ಒಳಗೆ ಗೊರಟು ಬಲಿಯುವುದರೊಳಗೆ ಕೊಯ್ಯಬೇಕು. ಚಾಕು ಸಲೀಸಾಗಿ ಇಳಿದರೆ ಉಪ್ಪಿನಕಾಯಿಗೆ, ಇಳಿಯದಿದ್ದರೆ ಗೊಜ್ಜಿಗೆ. ನಿನ್ನ ಚಿಕ್ಕಪ್ಪ ಮರ ಹತ್ತುತ್ತೇನೆ ಅಂತ ಹೇಳುತ್ತಲೇ ಇದ್ದಾನೆ.

ಇನ್ನು ಫೋಟೋದ ವಿಷಯ. ಫೋನಿಗೆ ಎಲೆ ತೋರಿಸಿದರೆ ಹೆಸರು ಹೇಳುವ ಆ್ಯಪ್ ಇದೆ ಅಂದೆ. ಹೆಸರು ಗೊತ್ತಾಗಲಿ, ಒಳ್ಳೆಯದೇ. ಅದನ್ನು ನಂಬಿ ಬಾಯಿಗೆ ಹಾಕಬೇಡ. ಸೊಪ್ಪನ್ನು ಮುರಿದು ನೋಡಬೇಕು, ಹಾಲು ಬರುತ್ತದೋ ಇಲ್ಲವೋ, ಮೂಸಿದರೆ ಏನು ವಾಸನೆ, ಎಲೆಯ ಕೆಳಗೆ ಕೈಗೆ ಏನು ತಾಗುತ್ತದೆ. ಫೋಟೋದಲ್ಲಿ ಇದ್ಯಾವುದೂ ಇರೋದಿಲ್ಲ. ನಮ್ಮ ಬೇಲಿ ಮೇಲೆ ಈಗ ಗೌರಿ ಹೂ ಕೆಂಪು ಹಳದಿಯಾಗಿ ಅರಳಿದೆ. ನೋಡೋಕೆ ಎಷ್ಟು ಚೆಂದ! ಅದರ ಗಡ್ಡೆ ಜೀವ ತೆಗೆಯುವಷ್ಟು ವಿಷ. ಅಗೆದು ತೆಗೆದರೆ ಏನೋ ತಿನ್ನುವ ಗೆಣಸು ಅನ್ನಿಸುತ್ತದೆ.

ಅಣಬೆಯಂತೂ ನಾನಿಲ್ಲದೆ ಕೀಳಲೇಬೇಡ. ಗುಡುಗಿದ ಮಾರನೇ ಬೆಳಿಗ್ಗೆ ನಮ್ಮ ಹುತ್ತದ ಸುತ್ತ ಹೆಗ್ಗಾಲಣಬೆ ಎದ್ದಿತ್ತು. ಗೆದ್ದಲೇ ಒಳಗೆ ಅದನ್ನು ಬೆಳೆಸಿಕೊಳ್ಳುತ್ತವೆ, ಕಾಲು ಉದ್ದವಾಗಿ ಹುತ್ತದೊಳಗೆ ಇಳಿದಿರುತ್ತದೆ. ವರ್ಷವೂ ಅದೇ ಜಾಗ, ಅದಕ್ಕೇ ನಂಬಿಕೆ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ತಿರುಗಿದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು ಅಂತೆಲ್ಲ ಹೇಳುತ್ತಾರೆ. ಯಾವುದೂ ನಿಜವಲ್ಲ. ವಿಷದ ಅಣಬೆ ಬೇಯಿಸಿದರೂ ವಿಷವೇ. ಗೊತ್ತಿಲ್ಲದ್ದನ್ನು ಬಿಡೋದೊಂದೇ ದಾರಿ.

ಒಂದು ಸಿಟ್ಟಿನ ಮಾತು ಹೇಳಬೇಕು. ನಿಮ್ಮ ಕಾಲದವರಿಗೆ ಸೊಪ್ಪಿನ ಗುರುತಿಲ್ಲ ಅಂತ ಅದು ಕಮ್ಮಿಯಾಗಿದ್ದಲ್ಲ, ಅದು ಬೆಳೆಯುವ ಜಾಗವೇ ಹೋಯಿತು. ಮೇಲಿನ ಬೇಣಕ್ಕೆ ಅಕೇಶಿಯಾ ನೆಟ್ಟ ಮೇಲೆ ಅದರಡಿ ಒಣಗಿದ ಎಲೆಯ ಹಾಸು ಬಿಟ್ಟರೆ ಕಣ್ಣಿಗೆ ಏನೂ ಬೀಳೋದಿಲ್ಲ. ಇತ್ತ ಗದ್ದೆ ಬದುಗಳಿಗೆ ಕಳೆನಾಶಕ. ಆಳು ಸಿಗೋದಿಲ್ಲ ಅನ್ನುತ್ತಾರೆ, ಅದೂ ಸುಳ್ಳಲ್ಲ. ಕತ್ತಿ ಹಿಡಿದು ಬದು ಸವರೋಕೆ ಈಗ ಯಾರು ಬರುತ್ತಾರೆ? ಆದರೆ ಹೊನಗೊನ್ನೆ, ಒಂದೆಲಗ, ಕನ್ನೆ ಇರೋದೇ ಆ ಬದುವಿನಲ್ಲಿ. ಹಬ್ಬಕ್ಕೆ ಸೊಪ್ಪು ಬೇಕು ಅಂತ ನನ್ನನ್ನೇ ಕೇಳುವವರು ತಿಂಗಳ ಹಿಂದೆ ಅದಕ್ಕೇ ಔಷಧಿ ಹೊಡೆದಿರುತ್ತಾರೆ. ನಮ್ಮ ಬದುವಿಗೆ ಹೊಡೆಯೋಕೆ ನಾನು ಬಿಟ್ಟಿಲ್ಲ. ನಿಮ್ಮಪ್ಪನ ಹತ್ತಿರ ಇದಕ್ಕಾಗಿ ಆದ ಜಗಳ ನಿನಗೆ ಗೊತ್ತು. ನೀನೂ ಅಷ್ಟೇ, ಬೇರೆಯವರ ಹೊಲದಿಂದ ಸೊಪ್ಪು ಕಿತ್ತರೆ ಏನು ಹೊಡೆದಿದ್ದಾರೆ ಅಂತ ಕೇಳಿ ಕೀಳು.

ಹೊಲ ಅಂದಾಗ ನೆನಪಾಯಿತು. ಮಲೆನಾಡಿನ ಸೊಪ್ಪು ಇಲ್ಲಿ ಸಿಗೋದಿಲ್ಲ ಅಂತ ಬೇಸರ ಮಾಡಿಕೊಂಡು ಕೂತಿದ್ದೀಯಲ್ಲ, ಅಲ್ಲಿ ಏನು ಕಮ್ಮಿ? ಹಕ್ಕರಕಿ ಇದೆ, ಪುಂಡಿ ಇದೆ, ಗೋಳಿ ಇದೆ. ಹೋದ ಸಲ ನೀನು ತಂದ ಹಕ್ಕರಕಿಗೆ ಹಸಿ ಈರುಳ್ಳಿ, ಉಪ್ಪು, ಖಾರ, ಎಣ್ಣೆ ಕಲಸಿ ರೊಟ್ಟಿ ಜೊತೆ ತಿಂದೆವು. ಬೇಯಿಸೋದೇ ಬೇಡ! ನನಗೆ ಬಹಳ ಹಿಡಿಸಿತು. ನಿನ್ನ ಮನೆ ಓನರ್ ಅಮ್ಮನವರು ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಹಬ್ಬದ ಅಡುಗೆಯ ಚರಗ ಚೆಲ್ಲುತ್ತಾರೆ ಅಂದೆಯಲ್ಲ. ನಮ್ಮ ಭೂಮಿ ಹುಣ್ಣಿಮೆಯೂ ಅವತ್ತೇ. ಅವರ ಹತ್ತಿರ ಕೂತು ಕಲಿ, ಯಾವ ಗಿಡದ ಯಾವ ಭಾಗ, ಎಷ್ಟು ಬೆಳೆದಾಗ ಅಂತ. ಹತ್ತು ಸೊಪ್ಪು ಕತ್ತಲಲ್ಲಿ ಮುಟ್ಟಿ ಹೇಳುವಷ್ಟು ಗೊತ್ತಾದರೆ ಸಾಕು, ನಿನ್ನ ನೂರೊಂದರ ಪಟ್ಟಿ ಯಾಕೆ?

ಹಬ್ಬಕ್ಕೆ ಬರೋದಾದರೆ ಹಿಂದಿನ ದಿನ ಬೆಳಿಗ್ಗೆಯೇ ಇಲ್ಲಿರಬೇಕು. ರಾತ್ರಿ ಬಂದು ಬೆಳಿಗ್ಗೆ ಕಡುಬು ತಿಂದು ಹೋಗೋದಾದರೆ ನೆಂಟರ ಹಾಗಾಯಿತು. ಗದ್ದೆಗೆ ಊಟ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಆಗಿದೆ, ಚಿತ್ತಾರ ಅರ್ಧ ಆಗಿದೆ. ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ನನ್ನ ಕಣ್ಣು ಈಗ ಸಣ್ಣ ಗೆರೆಗೆ ಸಾಥ್ ಕೊಡೋದಿಲ್ಲ, ಉಳಿದದ್ದು ನಿನಗೆ ಬಿಟ್ಟಿದ್ದೇನೆ. ಮಧ್ಯಾಹ್ನ ಸೊಪ್ಪಿಗೆ ಹೋಗೋಣ. ಕುಡಿ ಮಾತ್ರ ಚಿವುಟಬೇಕು, ಬೇರು ಕೀಳೋದಿಲ್ಲ, ಒಂದೇ ಗಿಡ ಬೋಳಿಸೋದಿಲ್ಲ. ಬೇಣದ ಕಡೆಯೂ ಹೋಗಿ ಬರೋಣ. ಈಗಲೇ ಸರಿ, ಚಳಿ ಶುರುವಾದ ಮೇಲೆ ಉಣುಗಿನ ಕಾಟ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲೇ. ಬೇಸಿಗೆ ಮುಗಿಯುವ ತನಕ ನಾನು ಆ ಕಡೆ ಕಾಲು ಹಾಕೋದಿಲ್ಲ.

ರಾತ್ರಿ ಮಲಗೋದಿಲ್ಲ, ಗೊತ್ತಲ್ಲ. ಬೆರಕೆ ಸೊಪ್ಪು ಬೇಯಿಸಿ ಹಚ್ಚಂಬಲಿ ಆಗಬೇಕು. ಕೊಟ್ಟೆ ಕಡುಬು, ಅಮಟೆಕಾಯಿ ಪಲ್ಯ, ಸೌತೆಕಾಯಿ ಕಡುಬು. ಸೌತೆಕಾಯಿ ಕಡುಬಿಗೆ ಬಲಿತ ಕಾಯಿ ತುರಿದು, ತೊಳೆದು ಆರಿಸಿದ ಅಕ್ಕಿಯ ತರಿ, ಬೆಲ್ಲ, ಕಾಯಿತುರಿ ಹಾಕಿ ಕಲಸೋದು. ಬೇರೆ ನೀರು ಹಾಕಬಾರದು, ಕಾಯಿ ಬಿಟ್ಟ ನೀರೇ ಸಾಕು. ಅರಿಶಿನ ಎಲೆಯಲ್ಲಿ ಮಡಚಿ ಹಬೆಗೆ ಇಟ್ಟರೆ ಮನೆಯೆಲ್ಲ ಘಮ. ನಸುಕಿನಲ್ಲಿ ನಿಮ್ಮಪ್ಪ ದೊಂದಿ ಹಿಡಿದು ಹಚ್ಚಂಬಲಿ ಹಾಲಂಬಲಿ ಅಂತ ಕೂಗುತ್ತಾ ಗದ್ದೆಗೆ ಬೀರಿ ಬರುತ್ತಾರೆ. ಈ ಸಲ ಮೊಣಕಾಲು ನೋವು, ಬದುವಿನ ಮೇಲೆ ಕತ್ತಲಲ್ಲಿ ಜಾರುತ್ತದೆ. ನೀನು ಜೊತೆಗೆ ಹೋಗು. ಹೆಂಗಸರು ಬೀರಬಾರದು ಅಂತ ಯಾರಾದರೂ ಅಂದರೆ ನಾನು ನೋಡಿಕೊಳ್ಳುತ್ತೇನೆ. ರಾತ್ರಿಯಿಡೀ ಬೇಯಿಸಿದವರು ಬೀರೋಕೆ ಯಾಕೆ ಆಗಬಾರದು?

ಹುಬ್ಬಳ್ಳಿಯಿಂದ ಶಿರಸಿ ದಾರಿಯ ಬಸ್ಸಿಗೆ ಬಾ, ಅದೇ ಹತ್ತಿರ. ಎರಡು ಕೆಜಿ ಜೋಳದ ಹಿಟ್ಟು ತಗೊಂಡು ಬಾ, ರೊಟ್ಟಿ ತಟ್ಟೋದು ನೀನೇ. ಹಳೇ ಚೂಡಿದಾರ್ ಒಂದು ಇಟ್ಟುಕೋ, ರಕ್ತ ಹೀರುವ ಉಂಬಳ ಇನ್ನೂ ಹೋಗಿಲ್ಲ. ಅದಕ್ಕೆ ಹಚ್ಚೋಕೆ ಸುಣ್ಣ, ಹೊಗೆಸೊಪ್ಪು ನನ್ನ ಹತ್ತಿರ ಇದೆ.

ರಜೆ ಸಿಗುತ್ತದೋ ಇಲ್ಲವೋ ಭಾನುವಾರದೊಳಗೆ ಹೇಳು. ಅಕ್ಕಿ ಎಷ್ಟು ನೆನೆಸಬೇಕು ಅಂತ ನೋಡಬೇಕು.

ನಿನ್ನ
ಅವ್ವ