ಮೊದಲ ಈಡು ಹಗಲಿನಲ್ಲಿ ಹೊಡೆಯುವಂತಾಗಲಿ

ಮಾನ್ಯ ಸಂಪಾದಕರೇ,

ಹಂದಿಯೆಂದು ತಿಳಿದು ಹೊಡೆದ ಗುಂಡು ಜೊತೆಯಲ್ಲಿ ಕಾವಲಿಗೆ ಹೋದವನಿಗೇ ತಗುಲಿತೆಂಬ ಸುದ್ದಿ ಮಲೆನಾಡಿನ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಓದಿದಾಗಲೆಲ್ಲ ನನ್ನಲ್ಲಿ ಏಳುವ ಪ್ರಶ್ನೆ ಒಂದೇ: ಕೋವಿ ಹಿಡಿದಿದ್ದವನು ತನ್ನ ಬದುಕಿನ ಮೊದಲ ಈಡನ್ನು ಎಲ್ಲಿ, ಯಾರ ಎದುರಿನಲ್ಲಿ, ಯಾವ ಹೊತ್ತಿನಲ್ಲಿ ಹೊಡೆದಿದ್ದ? ಬೆಳೆ ರಕ್ಷಣೆಗೆಂದು ಅಪ್ಪ ಇಟ್ಟುಕೊಂಡಿದ್ದ ಒಂಟಿ ನಳಿಗೆಯ, ತೋಟೆ (ಕಾರ್ಟ್ರಿಜ್) ಹಾಕಿ ಹೊಡೆಯುವ ತೋಟಾ ಕೋವಿ ಈಗ ಕಾನೂನುಬದ್ಧವಾಗಿ ನನ್ನ ಹೆಸರಿನಲ್ಲಿರುವುದರಿಂದ, ಈ ಪ್ರಶ್ನೆಯನ್ನು ನಮ್ಮ ಜಿಲ್ಲಾಡಳಿತದ ಮುಂದೆಯೂ ಪೊಲೀಸ್ ಇಲಾಖೆಯ ಮುಂದೆಯೂ ಇಡುವ ಹೊಣೆ ನನಗಿದೆ ಎಂದು ಭಾವಿಸಿದ್ದೇನೆ.

ನನ್ನ ಮೊದಲ ಗುಂಡು ಸಿಡಿದದ್ದು ಕಾಲೇಜಿನ ಎನ್‌ಸಿಸಿ ಶಿಬಿರದಲ್ಲಿ, ಬೆಳಗಿನ ಎಂಟು ಗಂಟೆಗೆ. ಕೆಂಪು ಬಾವುಟ ಏರಿತ್ತು. ಎದುರಿಗೆ ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ 25 ಮೀಟರ್ ದೂರದಲ್ಲಿ ಗುರಿಯ ಹಾಳೆ. ಹೊಟ್ಟೆಯ ಮೇಲೆ ಮಲಗಿ ಪಾಯಿಂಟ್ 22 ರೈಫಲ್ ಹಿಡಿದಾಗ ಪಕ್ಕದಲ್ಲಿ ಕೂತಿದ್ದ, ನಮಗೆ ಕಲಿಸುತ್ತಿದ್ದ ಉಸ್ತಾದರು, ಹಿಡಿಯನ್ನು ಭುಜದ ಗುಳಿಗೆ ಒತ್ತಿಕೋ, ಅರ್ಧ ಉಸಿರು ಬಿಟ್ಟು ನಿಲ್ಲಿಸು, ಟ್ರಿಗರನ್ನು ಜಗ್ಗಬೇಡ, ನಿಂಬೆಹಣ್ಣು ಹಿಂಡುವ ಹಾಗೆ ಹಿಂಡು ಎಂದರು. ಅಷ್ಟು ಹೇಳಿಸಿಕೊಂಡೂ ನಾನು ಕಣ್ಣು ಮುಚ್ಚಿದೆ. ಆ ರೈಫಲ್ಲಿನ ಒದೆತ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಆದರೆ ಸದ್ದಾಗುವ ಮೊದಲೇ ಮೈ ಅದಕ್ಕೆ ಹೆದರಿ ಬಿಗಿಯುತ್ತದೆ, ರೆಪ್ಪೆ ಮುಚ್ಚುತ್ತದೆ, ಕೈ ಕೆಳಕ್ಕೆ ಜಗ್ಗುತ್ತದೆ, ಗುಂಡು ಗುರಿಯನ್ನು ಬಿಟ್ಟು ಮಣ್ಣಿಗೆ ಹೋಗುತ್ತದೆ. ಐದರಲ್ಲಿ ಮೂರು ಗುಂಡು ನನ್ನ ಹಾಳೆಯನ್ನೇ ಮುಟ್ಟಿರಲಿಲ್ಲ. ಉಸ್ತಾದರು ಬೈಯಲಿಲ್ಲ. ಎಲ್ಲರ ರೈಫಲ್ ಖಾಲಿಯಾಗಿದೆಯೆಂದು ತಾವೇ ನೋಡಿ ಖಚಿತಪಡಿಸಿಕೊಂಡ ಮೇಲಷ್ಟೇ ನಮ್ಮನ್ನು ಏಳಲು ಬಿಟ್ಟರು. ತಪ್ಪಿದ ಆ ಮೂರು ಗುಂಡುಗಳಿಂದ ಯಾರಿಗೂ ಏನೂ ಆಗದಿದ್ದುದಕ್ಕೆ ಹಿಂದೆ ದಿಬ್ಬವಿದ್ದದ್ದು, ಮುಂದೆ ಯಾರೂ ಇಲ್ಲದಿದ್ದದ್ದು, ಹೊತ್ತು ಹಗಲಾಗಿದ್ದದ್ದು ಕಾರಣವೇ ಹೊರತು ನನ್ನ ಜಾಣತನವಲ್ಲ.

ನನ್ನ ಚಿಕ್ಕಪ್ಪನ ಮಗನಿಗೆ ಇವ್ಯಾವುವೂ ಇರಲಿಲ್ಲ. ಹದಿನಾರರ ವಯಸ್ಸಿನಲ್ಲಿ, ಗದ್ದೆಯಂಚಿನ ಮಾಳದಲ್ಲಿ, ರಾತ್ರಿ ಹಂದಿ ಕಾಯುವಾಗ ಮನೆಯ ಕೇಪಿನ ಕೋವಿಯನ್ನು ಅವನು ಮೊದಲ ಬಾರಿ ಎತ್ತಿಕೊಂಡ. ಹಿರಿಯರು ಅದರ ಬಾಯಿಯಿಂದ ಮಸಿ (ಸಿಡಿಮದ್ದಿನ ಪುಡಿ), ಚರೆ (ಸಣ್ಣ ಸೀಸದ ಗುಂಡುಗಳು) ತುಂಬುವುದನ್ನು ನೋಡಿದ್ದನೇ ಹೊರತು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಕುದುರೆ, ಅಂದರೆ ಕೋವಿಯ ಸುತ್ತಿಗೆ, ಬಿತ್ತು; ಅದರ ಪೆಟ್ಟಿಗೆ ಕಿಡಿ ಕೊಡುವ ಕೇಪು ಸಿಡಿಯಿತು. ಆದರೆ ಕಿಡಿ ಒಳಹೋಗುವ ರಂಧ್ರದಲ್ಲಿ ಕಿಟ್ಟ ಕಟ್ಟಿದ್ದರಿಂದ ಬೆಂಕಿ ಒಳಗಿನ ಮಸಿಯನ್ನು ಮುಟ್ಟಲಿಲ್ಲ. ಈಡು ಹಾರಿಹೋಯಿತೆಂದೇ ಗಾಬರಿಯಲ್ಲಿ ತಿಳಿದುಕೊಂಡ ಹುಡುಗ ರಂಧ್ರವನ್ನು ತಂತಿಯಿಂದ ಚುಚ್ಚಿ, ಮೊದಲಿನ ಮಸಿಯ ಮೇಲೆಯೇ ಮತ್ತೊಂದು ಪಾಲು ಮಸಿ ಸುರಿದು ಗಜದ ಕೋಲಿನಿಂದ ಜಡಿದ. ಎರಡನೆಯ ಸಲ ಎರಡೂ ಒಟ್ಟಿಗೆ ಹೊತ್ತಿಕೊಂಡವು. ನಳಿಗೆ ಬುಡದಲ್ಲಿ ಸೀಳಿತು. ಜೀವ ಉಳಿದದ್ದು ನಮ್ಮ ಪುಣ್ಯ; ಅವನ ಎಡಗಿವಿಗೆ ಇಂದಿಗೂ ಏನೂ ಕೇಳಿಸುವುದಿಲ್ಲ. ಉರಿಯದ ಈಡನ್ನು ಹೇಗೆ ಗುರುತಿಸಬೇಕು, ಆಗ ಕೋವಿಯನ್ನು ಎತ್ತ ತಿರುಗಿಸಿ ಹಿಡಿದು ಎಷ್ಟು ಹೊತ್ತು ಕಾಯಬೇಕು ಎಂಬ ಹತ್ತು ನಿಮಿಷದ ಪಾಠ ಅವನಿಗೆ ಸಿಕ್ಕಿದ್ದರೆ ಆ ಕಿವಿ ಉಳಿಯುತ್ತಿತ್ತು.

ಕೋವಿಗೆ ಪೂಜೆ ಮಾಡಿ, ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸುವ ಕೊಡಗಿನ ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರವರೆಲ್ಲರ ಎದುರು, ಹಗಲಿನಲ್ಲಿ ನಡೆಯುತ್ತದೆ. ಹೊಸಬನ ತಪ್ಪನ್ನು ಅಲ್ಲೇ ನೋಡಿ ತಿದ್ದುವ ಹಿರಿಯರು ಪಕ್ಕದಲ್ಲಿರುತ್ತಾರೆ. ಕೋವಿ ಇದ್ದೂ ಅಂಥದೊಂದು ವೇದಿಕೆಯಿಲ್ಲದ ನಮ್ಮ ಕಡೆ ಹೊಸಬನಿಗೆ ಸಿಗುವುದು ಕತ್ತಲೆ ಮತ್ತು ಅಲುಗಾಡುವ ಪೊದೆ ಮಾತ್ರ.

ಕಾನೂನು ಈ ಬಗ್ಗೆ ಮೌನವಾಗಿಲ್ಲ. 1959ರ ಆಯುಧ ಕಾಯ್ದೆಯ ಅಡಿಯಲ್ಲಿ ಬಂದ 2016ರ ನಿಯಮಗಳು ಪರವಾನಗಿ ಬಯಸುವವರಿಗೆ ಸುರಕ್ಷತಾ ತರಬೇತಿಯನ್ನು ಹೇಳಿವೆ. ಪೊಲೀಸ್ ಇಲಾಖೆ ಹಲವು ಜಿಲ್ಲಾ ಕೇಂದ್ರಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನೂ ನಡೆಸುತ್ತಾ ಬಂದಿದೆ. ನಾನೂ ಅಂಥದೊಂದಕ್ಕೆ ಹೋಗಿ ಬಂದಿದ್ದೇನೆ, ಕಲಿಸಿದವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ನಮ್ಮ ಕೈಗೆ ಕೊಟ್ಟದ್ದು ರೈಫಲ್. ರೈತರ ಮನೆಯಲ್ಲಿರುವುದು ಚರೆ ಹಾರಿಸುವ 12 ಬೋರಿನ ತೋಟಾ ಕೋವಿ ಅಥವಾ ಬಾಯಿಯಿಂದ ಮಸಿ ತುಂಬುವ ಕೇಪಿನ ಕೋವಿ. ರೈಫಲ್ಲಿನಿಂದ ಹೊರಡುವುದು ಒಂದೇ ಗುಂಡು. ಚರೆಯಾದರೋ ದೂರ ಹೋದಂತೆ ಚದುರುತ್ತದೆ, ಗುರಿಯ ಪಕ್ಕದಲ್ಲಿ ನಿಂತವನಿಗೂ ತಗುಲುತ್ತದೆ. ಒಂದನ್ನು ಕಲಿತವನಿಗೆ ಇನ್ನೊಂದು ತಾನಾಗಿ ಬರುವುದಿಲ್ಲ. ಇದರ ಮೇಲೆ ತೋಟೆಗಳ ಬೆಲೆ ಮತ್ತು ಮಿತಿಯಿಂದಾಗಿ ಯಾವ ರೈತನೂ ಅಭ್ಯಾಸಕ್ಕೆಂದು ಒಂದು ತೋಟೆಯನ್ನೂ ಖರ್ಚು ಮಾಡುವುದಿಲ್ಲ. ಹಾಗಾಗಿ ಅವನ ಮೊದಲ ಈಡು ಹಂದಿ ಬಂದ ರಾತ್ರಿಯೇ ಹಾರುತ್ತದೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಶಿಬಿರಗಳು ಜಿಲ್ಲಾ ಕೇಂದ್ರದಿಂದ ತಾಲ್ಲೂಕಿಗೆ ಬರಲಿ, ಭತ್ತ ತೆನೆಯಾಗುವ ಮೊದಲೇ ನಡೆಯಲಿ, ರೈತರು ತಮ್ಮ ಮನೆಯ ಕೋವಿಯಲ್ಲೇ ಕಲಿಯುವಂತಾಗಲಿ, ಅಭ್ಯಾಸಕ್ಕೆ ಬೇಕಾದ ನಾಲ್ಕೈದು ತೋಟೆಗಳು ವರ್ಷದ ಮಿತಿಯಲ್ಲಿ ಲೆಕ್ಕಕ್ಕೆ ಬಾರದಿರಲಿ. ಚುನಾವಣೆ ಬಂದಾಗಲೆಲ್ಲ ನಾವು ಕೋವಿಗಳನ್ನು ಠಾಣೆಗೆ ಒಪ್ಪಿಸಿ ತಿಂಗಳುಗಟ್ಟಲೆ ಬಿಟ್ಟು ಮರಳಿ ಪಡೆಯುತ್ತೇವೆ. ಹಿಂದಿರುಗಿಸುವ ದಿನವೇ ಇಲಾಖೆಯ ಒಬ್ಬ ಆರ್ಮರರ್ (ಆಯುಧ ದುರಸ್ತಿಗಾರ) ಅವುಗಳ ನಳಿಗೆ, ರಂಧ್ರ, ಕುದುರೆಗಳನ್ನು ಪರೀಕ್ಷಿಸಿ ಕೊಟ್ಟರೆ ಇಲಾಖೆಗೆ ಹೆಚ್ಚಿನ ಹೊರೆಯೇನೂ ಆಗಲಾರದು. ಕೋವಿ ಹೆಸರಿನಲ್ಲಿರುವ ಹೆಂಗಸರನ್ನೂ ಹೆಸರು ಹಿಡಿದು ಕರೆಯಲಿ, ಏಕೆಂದರೆ ಗಂಡಸರಿಲ್ಲದ ಮನೆಗಳ ಗದ್ದೆಗೂ ಹಂದಿ ಬರುತ್ತದೆ.

ನಮ್ಮ ತಾಲ್ಲೂಕಿನಲ್ಲಿ ಇಂಥ ಶಿಬಿರ ನಡೆಯುವುದಾದರೆ ನಮ್ಮ ಊರಿನಿಂದ ಹತ್ತು ಜನರನ್ನು ನಾನೇ ಕರೆತರುತ್ತೇನೆ. ಅವರಲ್ಲಿ ಮೊದಲನೆಯವನು, ಕಿವಿ ಕಳೆದುಕೊಂಡ ಆ ಚಿಕ್ಕಪ್ಪನ ಮಗನ ಮಗ. ಈ ಹುಡುಗನಿಗೆ ಈ ವರ್ಷ ಇಪ್ಪತ್ತೊಂದು ತುಂಬಿದೆ, ಮತ್ತು ಅವನು ಇನ್ನೂ ಒಂದು ಈಡನ್ನೂ ಹೊಡೆದಿಲ್ಲ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ್ತಿ
ತೀರ್ಥಹಳ್ಳಿ ತಾಲ್ಲೂಕು