ಕುಂಬಾರಿಕೆ ಕಲಿಯಹೊರಟ ತಂಗಿಗೆ

ಬೆಳಗಾವಿ

ಪ್ರೀತಿಯ ತಂಗಿ,

ಕಾದಂಬರಿಯ ಕರಡು ಮುಗಿದ ಮೇಲೆ ಬರೆಯಲು ಮನಸ್ಸಾಗುತ್ತಿಲ್ಲ, ಕುಂಬಾರಿಕೆ ಕಲಿಯಲೇ ಎಂದು ಕೇಳಿದ್ದೀಯೆ. ಖಂಡಿತ ಕಲಿ. ಆದರೆ ಕಥೆಗೆ ವಸ್ತು ಸಿಕ್ಕೀತೆಂಬ ಆಸೆಯಿಂದ ಹೋಗಬೇಡ. ಕಂಡದ್ದನ್ನೆಲ್ಲ ವಾಕ್ಯವಾಗಿಸುವುದು ನಮ್ಮಂಥವರ ಚಟ. ಅದಕ್ಕೆ ಬಿಡುವು ಕೊಡುವ ಕೆಲಸ ನಿನಗೀಗ ಬೇಕು. ಎರಡೂ ಕೈಗೆ ಕೆಸರು ಮೆತ್ತಿರುವಾಗ ಪೆನ್ನನ್ನಾಗಲಿ ಮೊಬೈಲನ್ನಾಗಲಿ ಮುಟ್ಟಲಾಗದು ಎಂಬುದೇ ನನ್ನ ಪಾಲಿಗೆ ಮಣ್ಣಿನ ದೊಡ್ಡ ಉಪಕಾರ.

ಮೊದಲೇ ತಿಗರಿ, ಅಂದರೆ ಕುಂಬಾರರ ಚಕ್ರ, ಕೊಳ್ಳಬೇಡ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಬೆಳೆದ ಕೈ ನಿನ್ನದು, ಆರಂಭಕ್ಕೆ ಅಷ್ಟು ಸಾಕು. ನಿಮ್ಮ ವಿಜಯಪುರದ ಕಪ್ಪು ಎರಿ ಮಣ್ಣು ಒಣಗುವಾಗ ವಿಪರೀತ ಕುಗ್ಗಿ ಬಿರಿಯುವುದರಿಂದ ಅದನ್ನೊಂದನ್ನೇ ನೆಚ್ಚದೆ, ಕುಂಬಾರರು ಹದಗೊಳಿಸಿದ ಮಣ್ಣನ್ನು ಕೇಳಿ ತಾ. ಒಳಗಿನ ಗಾಳಿ ಹೋಗುವವರೆಗೆ ನಾದಿ, ಮುಷ್ಟಿಯಷ್ಟು ಉಂಡೆಯನ್ನು ಹೆಬ್ಬೆರಳಿನಿಂದ ಒತ್ತುತ್ತ ಬಟ್ಟಲು ಮಾಡು. ಅಂಚು ತೆಳುವಾಗಿ ತಳ ದಪ್ಪವಾದರೆ ಅಂಚು ಮೊದಲೇ ಒಣಗಿ ಕುಗ್ಗುತ್ತದೆ, ತಳ ಇನ್ನೂ ಹಸಿಯಾಗಿಯೇ ಇರುತ್ತದೆ, ಆ ಜಗ್ಗಾಟದಲ್ಲಿ ಬಟ್ಟಲು ಸೀಳುತ್ತದೆ. ಆದ್ದರಿಂದ ಬಿಸಿಲಿಗಿಡದೆ, ಒದ್ದೆ ಬಟ್ಟೆ ಹೊದಿಸಿ, ನೆರಳಿನಲ್ಲಿ ನಿಧಾನವಾಗಿ ಆರಿಸು.

ಇನ್ನು ನನ್ನ ಮುಖ್ಯ ಮಾತು: ಮೊದಲ ಒಂದು ವರ್ಷ ಏನನ್ನೂ ಸುಡಬೇಡ. ಎಷ್ಟೇ ಒಣಗಿದ್ದರೂ ಸುಡದ ಮಡಕೆ ನೀರಿಗೆ ಹಾಕಿದರೆ ಕರಗಿ ಮತ್ತೆ ಮಣ್ಣಾಗುತ್ತದೆ. ಮಡಕೆ ಸುಡುವ ಆವಿಗೆಯ ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಾದರೋ ಮಣ್ಣಿನ ಕಣಗಳಲ್ಲೇ ಬೆಸೆದಿದ್ದ ನೀರು ಹೊರಟುಹೋಗಿ, ಅದು ಮರಳಿ ಕೆಸರಾಗುವ ಮಾತಿಲ್ಲ. ನಿಮ್ಮ ಪೀಳಿಗೆಯ ಬರಹವೂ ಅವಸರದಲ್ಲಿ ಸುಟ್ಟ ಮಡಕೆಯಂತೆ, ಸಂಜೆ ಹುಟ್ಟಿ ರಾತ್ರಿಯೊಳಗೆ ಓದುಗರ ಮುಂದಿರುತ್ತದೆ. ಇದು ನನಗೆ ನಿಜವಾಗಿಯೂ ಕಳವಳ ತರುವ ಸಂಗತಿ. ಯಾರಿಗೂ ತೋರಿಸದೆ ಚೆಂದದ ಬಟ್ಟಲೊಂದನ್ನು ಮಾಡಿ, ಅದರ ಫೋಟೋ ಸಹ ತೆಗೆಯದೆ, ನಿನ್ನ ಕೈಯಾರೆ ಬಕೆಟ್ಟಿನ ನೀರಿಗೆ ಬಿಡುವುದು ಮೊದಮೊದಲು ಕಷ್ಟವೆನಿಸಿದರೂ, ಮಾಡುವ ಸುಖವೇ ಬೇರೆ, ತೋರಿಸುವ ಸುಖವೇ ಬೇರೆ ಎಂಬುದು ಆಗ ತಿಳಿಯುತ್ತದೆ.

ವರ್ಷದ ನಂತರವೂ ಆಸಕ್ತಿ ಉಳಿದರೆ ಖಾನಾಪುರಕ್ಕೆ ಬಾ. ಮಲಪ್ರಭೆಯ ದಂಡೆಯ ಆ ಊರು ಹಂಚು, ಮಡಕೆಗಳಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ನಿನ್ನೂರಿನಲ್ಲೇ ಯಾರಾದರೂ ಕುಂಬಾರರ ಬಳಿ ಕಲಿಯುವುದಾದರೆ ದೀಪಾವಳಿಯ ಮುಂಚಿನ ವಾರಗಳಲ್ಲಿ ಹೋಗಬೇಡ, ಅವರಿಗೆ ಪಣತಿಯ ಕೆಲಸ ಮೈತುಂಬ ಇರುತ್ತದೆ. ನಿನಗಾಗಿ ಅವರು ಕಳೆದ ಹೊತ್ತಿಗೆ ತಕ್ಕ ಹಣವನ್ನು, ಅವರು ಬೇಡವೆಂದರೂ, ಕೊಟ್ಟೇ ಬಾ.

ನಿನ್ನ ಅಕ್ಕ